ಉಕ್ರೇನಿನ ಜನಪದ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನಿನ ಉಡುಪು ಅಂದ ಕೂಡಲೇ ಹೆಚ್ಚಿನವರಿಗೆ ಒಂದೇ ಚಿತ್ರ ನೆನಪಾಗುತ್ತದೆ. ಬಿಳಿ ಅಂಗಿ, ತೋಳಿನ ಮೇಲೆ ಕೆಂಪು ಕಸೂತಿ, ತಲೆಯ ಮೇಲೆ ಹೂವಿನ ಕಿರೀಟ, ಕಿರೀಟದಿಂದ ಇಳಿಬಿದ್ದ ಬಣ್ಣದ ರಿಬ್ಬನ್. ಚಿತ್ರ ಸುಂದರವೇ. ಆದರೆ ಆ ದೇಶದ ಹಳ್ಳಿಗಳ ಪೆಟ್ಟಿಗೆಗಳಲ್ಲಿ ಇದ್ದದ್ದು ಇದಕ್ಕಿಂತ ಎಷ್ಟೋ ಜಾಸ್ತಿ. ಈ ಉತ್ತರಗಳನ್ನು ಓದಿದ ಮೇಲೆ ಒಂದು ಅಂಗಿ ನೋಡಿದಾಗ "ಇದು ಯಾವ ಊರಿನದು?" ಅಂತ ನಿಮಗೆ ಕೇಳಬೇಕು ಅನ್ನಿಸಿದರೆ ನನಗೆ ತುಂಬಾ ಸಂತೋಷ.

ವಿಶಿವಾಂಕಾ ಅಂದರೆ ಏನು? ಪೂರ್ತಿ ಉಡುಪಿಗೆ ಅದೇ ಹೆಸರಾ?

ಅಲ್ಲ. ವಿಶಿವಾಂಕಾ ಅಂದರೆ ಕಸೂತಿ ಹಾಕಿದ ಅಂಗಿ ಮಾತ್ರ. ಅಂಗಿಗೆ ಸಾಮಾನ್ಯ ಹೆಸರು ಸೊರೊಚ್ಕಾ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಮೈಗೆ ಮೊದಲು ಹಾಕುತ್ತಿದ್ದದ್ದು ಸೊರೊಚ್ಕಾವನ್ನೇ. ಅದರ ಮೇಲೆ ಉಳಿದದ್ದೆಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಹೋಗುವಾಗ ಅಂಗಿ ಮತ್ತು ಸೊಂಟಕ್ಕೊಂದು ಪಟ್ಟಿ ಇದ್ದರೂ ಸಾಕಾಗುತ್ತಿತ್ತು.

ಹೆಂಗಸರ ಪೂರ್ತಿ ಉಡುಪಿನಲ್ಲಿ ಏನೇನು ಇರುತ್ತಿತ್ತು?

ಇದು ಪ್ರದೇಶದ ಮೇಲೆ ಹೋಗುತ್ತದೆ. ಮೊದಲು ದ್ನಿಪ್ರೊ ನದಿಯ ಮಧ್ಯ ಭಾಗ, ಅಂದರೆ ಕೀವ್, ಪೊಲ್ತಾವಾ, ಚೆರ್ನಿಹಿವ್ ಕಡೆಯದನ್ನು ನೋಡೋಣ. ಎಲ್ಲಕ್ಕಿಂತ ಒಳಗೆ ಉದ್ದನೆಯ ಸೊರೊಚ್ಕಾ. ಎಷ್ಟೋ ಕಡೆ ಇದನ್ನು ಎರಡು ಭಾಗವಾಗಿ ಹೊಲಿಯುತ್ತಿದ್ದರು. ಕಣ್ಣಿಗೆ ಕಾಣುವ ಮೇಲಿನ ಭಾಗಕ್ಕೆ ನಯವಾದ ಲಿನನ್, ಕೆಳಗಿನ ಭಾಗಕ್ಕೆ ಒರಟು ಬಟ್ಟೆ. ಕೆಳಭಾಗ ಹರಿದರೆ ಅದನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದಿತ್ತು. ಆದರೂ ಅಂಚಿಗೆ ಕಸೂತಿ ಇರುತ್ತಿತ್ತು, ಯಾಕೆಂದರೆ ಮೇಲಿನ ಲಂಗದ ಕೆಳಗೆ ಅದು ಬೆರಳಗಲ ಕಾಣಬೇಕು.

ಅದರ ಮೇಲೆ ಪ್ಲಾಖ್ತಾ. ಇದು ಹೊಲಿದ ಲಂಗ ಅಲ್ಲ, ಸುತ್ತಿಕೊಳ್ಳುವ ಉಣ್ಣೆ ಬಟ್ಟೆ. ಮಗ್ಗದಲ್ಲಿ ನೇಯ್ದ ಎರಡು ಕಿರಿದಾದ ಪಟ್ಟಿಗಳನ್ನು ಸುಮಾರು ಅರ್ಧದವರೆಗೆ ಜೋಡಿಸಿ ಹೊಲಿಯುತ್ತಾರೆ. ಅದನ್ನು ಮಡಿಸಿ ಹಿಂದಿನಿಂದ ಸೊಂಟಕ್ಕೆ ಸುತ್ತಿದರೆ, ಹೊಲಿಯದೆ ಬಿಟ್ಟ ತುದಿಗಳು ಎರಡು ಕಡೆ ರೆಕ್ಕೆಯ ಹಾಗೆ ಇಳಿಬೀಳುತ್ತವೆ. ಮೈತುಂಬ ಚೌಕಳಿ, ಚೌಕಳಿಯೊಳಗೆ ಹೂವಿನಂಥ ನಕ್ಷೆ. ಮುಂದೆ ತೆರೆದಿರುವ ಜಾಗವನ್ನು ಜಾಪಾಸ್ಕಾ ಎಂಬ ಏಪ್ರನ್ ಮುಚ್ಚುತ್ತದೆ. ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಉದ್ದನೆಯ ಸೊಂಟಪಟ್ಟಿ. ಮೇಲೆ ಕೆರ್ಸೆಟ್ಕಾ, ಅಂದರೆ ತೋಳಿಲ್ಲದ, ಸೊಂಟಕ್ಕೆ ಹಿಡಿದಂತೆ ಹೊಲಿದ ಜಾಕೆಟ್. ಚಳಿಗೆ ಸ್ವಿತಾ ಎಂಬ ಉಣ್ಣೆಯ ಕೋಟು, ಇನ್ನೂ ಚಳಿಗೆ ಕೊಝೂಖ್ ಎಂಬ ಕುರಿಚರ್ಮದ ಕೋಟು. ಹಬ್ಬಕ್ಕೆ, ಮದುವೆಗೆ ಕೆಂಪು ಬೂಟು.

ಪಶ್ಚಿಮಕ್ಕೆ, ಕಾರ್ಪಾಥಿಯನ್ ಬೆಟ್ಟಗಳಿಗೆ ಹೋದರೆ ಪ್ಲಾಖ್ತಾ ಸಿಗುವುದಿಲ್ಲ. ಹುತ್ಸುಲ್ ಹೆಂಗಸರು ಮುಂದೊಂದು ಹಿಂದೊಂದು ಎರಡು ಜಾಪಾಸ್ಕಾ ಕಟ್ಟುತ್ತಾರೆ, ಎರಡರಲ್ಲೂ ಹೊಳೆಯುವ ಲೋಹದ ಎಳೆ ಬೆರೆಸಿ ನೇಯ್ದಿರುತ್ತಾರೆ. ಬುಕೊವಿನಾದಲ್ಲಿ ಒಂದೇ ಅಗಲವಾದ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಅದರ ಕೆಳಮೂಲೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಹಾಗೆ ಎತ್ತಿದಾಗ ಒಳಗಿನ ಬಿಳಿ ಅಂಗಿಯ ಅಂಚು ಕಾಣುತ್ತದೆ.

ಗಂಡಸರು?

ಅಂಗಿ, ಪ್ಯಾಂಟು, ಸೊಂಟಪಟ್ಟಿ, ಟೋಪಿ. ಮಧ್ಯ ಉಕ್ರೇನಿನಲ್ಲಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುತ್ತಿದ್ದರು, ಪಶ್ಚಿಮದಲ್ಲಿ ಮತ್ತು ಉತ್ತರದ ಕಾಡುಸೀಮೆಯಲ್ಲಿ ಹೊರಗೆ ಬಿಟ್ಟು ಮೇಲೆ ಪಟ್ಟಿ ಕಟ್ಟುತ್ತಿದ್ದರು. ಸಿನಿಮಾ ಪೋಸ್ಟರುಗಳಲ್ಲಿ ಕಾಣುವ ಬಲೂನಿನಂಥ ಅಗಲ ಪ್ಯಾಂಟು ಶರೊವಾರಿ, ಕೊಸಾಕ್ ಯೋಧರದ್ದು. ಅದು ತುರ್ಕರ ಮತ್ತು ತಾತಾರರ ಒಡನಾಟದಿಂದ ಬಂದದ್ದು. ಬೆಟ್ಟದ ಹುತ್ಸುಲರು ಅದನ್ನು ತೊಟ್ಟವರೇ ಅಲ್ಲ. ಅವರದ್ದು ಕೆಪ್ತಾರ್, ಅಂದರೆ ಚರ್ಮದ ಅಲಂಕಾರ ಹಾಕಿದ ತೋಳಿಲ್ಲದ ಕುರಿಚರ್ಮದ ಜಾಕೆಟ್. ಜೊತೆಗೆ ಅಂಗೈಗಿಂತ ಅಗಲವಾದ ಚರ್ಮದ ಬೆಲ್ಟ್, ಕಾಲಿಗೆ ಪೊಸ್ತೊಲಿ ಎಂಬ ಮೆತ್ತನೆಯ ಚರ್ಮದ ಜೋಡು.

ಈ ಉಡುಪು ಎಷ್ಟು ಹಳೆಯದು?

"ಐದು ಸಾವಿರ ವರ್ಷ ಹಳೆಯದು" ಎಂಬಂಥ ಮಾತುಗಳು ಅಂತರ್ಜಾಲದಲ್ಲಿ ಓಡಾಡುತ್ತವೆ. ಅವನ್ನು ನಂಬಬೇಡಿ. ನಾರಿನ ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಇವತ್ತು ಮ್ಯೂಸಿಯಂಗಳಲ್ಲಿ ಇರುವ ಹಳ್ಳಿ ಅಂಗಿಗಳಲ್ಲಿ ಬಹುಪಾಲು 19 ಮತ್ತು 20ನೇ ಶತಮಾನದವು.

ಅದಕ್ಕಿಂತ ಹಿಂದಿನ ಸುಳಿವುಗಳು ಇವೆ. ಚೆರ್ಕಾಸಿ ಪ್ರದೇಶದ ಮಾರ್ತಿನಿವ್ಕಾ ಎಂಬ ಹಳ್ಳಿಯಲ್ಲಿ 1909ರಲ್ಲಿ ಒಂದು ಬೆಳ್ಳಿಯ ನಿಧಿ ಸಿಕ್ಕಿತು. ಅದರಲ್ಲಿ 6-7ನೇ ಶತಮಾನದ ಪುಟ್ಟ ಮನುಷ್ಯಾಕೃತಿಗಳಿದ್ದವು. ಅವರ ಅಂಗಿಯ ಎದೆಭಾಗದಲ್ಲಿ ಅಲಂಕಾರದ ಪಟ್ಟಿ ಕಾಣುತ್ತದೆ. ಮಧ್ಯಯುಗದ ಕೀವ್ ರಾಜ್ಯದ ಸಮಾಧಿಗಳಲ್ಲಿ ಚಿನ್ನದ ನೂಲಿನ ಕಸೂತಿಯ ತುಣುಕುಗಳು ಸಿಕ್ಕಿವೆ. ಅಂಗಿಗೆ ಅಲಂಕಾರ ಮಾಡುವುದು ಅಲ್ಲಿ ಹಳೆಯ ಅಭ್ಯಾಸ ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಇವತ್ತಿನ ನಕ್ಷೆಯನ್ನು ಅಲ್ಲಿಂದ ನೇರ ಗೆರೆ ಎಳೆದು ತರುವುದು ಸರಿಯಲ್ಲ.

ಕೊಸಾಕ್ ಕಾಲದ ಶ್ರೀಮಂತರ ಉಡುಪು ಬೇರೆಯೇ ಇತ್ತು. ಜುಪಾನ್, ಕುಂತೂಶ್ ಎಂಬ ಉದ್ದ ಕೋಟುಗಳು, ರೇಷ್ಮೆಯ ನಡುಕಟ್ಟು. ಪೋಲೆಂಡಿನ ಮತ್ತು ಪೂರ್ವ ದೇಶಗಳ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ತಿಮೊಫಿಯ್ ಕಲಿನ್ಸ್ಕಿ ಎಂಬ ಕಲಾವಿದ 18ನೇ ಶತಮಾನದ ಕೊನೆಯಲ್ಲಿ ಅಧಿಕಾರಿಗಳು, ಪಟ್ಟಣಿಗರು, ರೈತರು ಹೀಗೆ ಎಲ್ಲ ಬಗೆಯ ಜನರನ್ನು ಅವರವರ ಬಟ್ಟೆಯಲ್ಲೇ ಚಿತ್ರಿಸಿದ. ಇವತ್ತಿಗೂ ಅಧ್ಯಯನ ಮಾಡುವವರು ಆ ಚಿತ್ರಗಳನ್ನು ತೆರೆದು ನೋಡುತ್ತಾರೆ.

ಊರಿಂದ ಊರಿಗೆ ಕಸೂತಿಯಲ್ಲಿ ಅಷ್ಟೊಂದು ವ್ಯತ್ಯಾಸ ಇದೆಯಾ?

ಇದೆ, ಮತ್ತು ಈ ವಿಷಯದ ಜೀವ ಇರುವುದೇ ಇಲ್ಲಿ.

ಪೊಲ್ತಾವಾದಿಂದ ಶುರು ಮಾಡೋಣ. ಅಲ್ಲಿಯ ಹೆಮ್ಮೆ ಬಿಳಿಯ ಮೇಲೆ ಬಿಳಿ. ಬಿಳಿ ಬಟ್ಟೆಗೆ ಬಿಳಿ ನೂಲಿನ ಕಸೂತಿ. ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ಹತ್ತಿರ ಹೋದರೆ ಒಂದೇ ತೋಳಿನಲ್ಲಿ ಹಲವು ಬಗೆಯ ಹೊಲಿಗೆ. ಕೆಲವು ಕಡೆ ಉಬ್ಬು, ಕೆಲವು ಕಡೆ ಬಟ್ಟೆಯ ಎಳೆಗಳನ್ನು ಕತ್ತರಿಸಿ ತೆಗೆದು ಮಾಡಿದ ಚೌಕಾಕಾರದ ಕಿಂಡಿಗಳು. ಬೆಳಕು ಬಿದ್ದಾಗ ನೆರಳೇ ನಕ್ಷೆಯಾಗುತ್ತದೆ. ರೆಶೆತಿಲಿವ್ಕಾ ಪಟ್ಟಣದ ಈ ಕಸೂತಿ ಉಕ್ರೇನಿನ ರಾಷ್ಟ್ರೀಯ ಪರಂಪರೆ ಪಟ್ಟಿಯಲ್ಲಿದೆ. ನನ್ನ ಕಣ್ಣಿಗೆ ಇಡೀ ದೇಶದ ಕಸೂತಿಯಲ್ಲಿ ಇದಕ್ಕಿಂತ ದೊಡ್ಡ ಕೌಶಲ ಇನ್ನೊಂದಿಲ್ಲ. ಬಣ್ಣದ ಸಹಾಯವೇ ಇಲ್ಲದೆ ಬರೀ ಕೈಚಳಕದಿಂದ ಗೆಲ್ಲಬೇಕು.

ಇದಕ್ಕೆ ಪೂರ್ತಿ ವಿರುದ್ಧ ತೆರ್ನೊಪಿಲ್ ಪ್ರದೇಶದ ಬೊರ್ಷ್ಚಿವ್. ಅಲ್ಲಿಯ ಹೆಂಗಸರ ಅಂಗಿಯ ತೋಳುಗಳನ್ನು ಕಪ್ಪು ಉಣ್ಣೆಯ ನೂಲು ಮುಚ್ಚಿಬಿಟ್ಟಿರುತ್ತದೆ. ಹಲವು ಅಂಗಿಗಳಲ್ಲಿ ತೋಳಿನ ಬಿಳಿ ಬಟ್ಟೆ ಹುಡುಕಬೇಕು, ಅಷ್ಟು ದಟ್ಟ. ಒಮ್ಮೆ ದಾಳಿಯಲ್ಲಿ ಊರಿನ ಗಂಡಸರೆಲ್ಲ ಸತ್ತರು, ಉಳಿದ ಹೆಂಗಸರು ಶೋಕದಲ್ಲಿ ತಲೆಮಾರುಗಳವರೆಗೆ ಕಪ್ಪು ಹೊಲಿಯುತ್ತೇವೆ ಎಂದು ಆಣೆ ಇಟ್ಟರು ಅಂತ ಒಂದು ಐತಿಹ್ಯ ಇದೆ. ಅದು ಐತಿಹ್ಯ, ದಾಖಲೆ ಅಲ್ಲ. ಅದೇ ಅಂಗಿಗಳಲ್ಲಿ ಕಪ್ಪಿನ ನಡುವೆ ಕೆಂಪು, ಹಳದಿ, ಹಸಿರು ಚುಕ್ಕಿಗಳೂ ಇರುತ್ತವೆ, ಮದುವೆಗೂ ಅವನ್ನು ತೊಡುತ್ತಿದ್ದರು.

ಹುತ್ಸುಲ್ ಸೀಮೆಯ ಕೊಸ್ಮಾಚ್ ಹಳ್ಳಿಯದ್ದು ಕಿತ್ತಳೆ, ಹಳದಿ, ಕೆಂಪು. ಕಪ್ಪು ಗೆರೆಗಳ ನಡುವೆ ಇಕ್ಕಟ್ಟಾಗಿ ತುಂಬಿದ ಕೋನಗಳು, ತ್ರಿಕೋನಗಳು. ಆ ಸೀಮೆಯಲ್ಲಿ ಒಂದು ಕಣಿವೆಯವರು ಪಕ್ಕದ ಕಣಿವೆಯವರನ್ನು ಜಾತ್ರೆಯಲ್ಲಿ ಅಂಗಿಯಿಂದಲೇ ಗುರುತಿಸಬಲ್ಲವರಾಗಿದ್ದರು. ಬುಕೊವಿನಾದಲ್ಲಿ ನೂಲಿನ ಜೊತೆ ಗಾಜಿನ ಮಣಿ ಸೇರಿತು, ಅಂಗಿ ಕೈಗೆತ್ತಿಕೊಂಡರೆ ಭಾರ ಗೊತ್ತಾಗುತ್ತದೆ. ಉತ್ತರದ ಪೊಲಿಸ್ಸಿಯಾ ಜೌಗು ಮತ್ತು ಕಾಡಿನ ನಾಡು, ಹೊರಗಿನ ಫ್ಯಾಷನ್ ಅಲ್ಲಿಗೆ ತಡವಾಗಿ ತಲುಪಿತು. ಅಲ್ಲಿ ಬಿಳಿಯ ಮೇಲೆ ಕೆಂಪು ಮಾತ್ರ, ಎಷ್ಟೋ ಸಲ ಕಸೂತಿಯೂ ಅಲ್ಲ, ಮಗ್ಗದಲ್ಲೇ ನೇಯ್ದ ಪಟ್ಟಿ. ದಕ್ಷಿಣದ ಹುಲ್ಲುಗಾವಲಿನಲ್ಲಿ ಜನ ಬೇರೆ ಬೇರೆ ಕಡೆಯಿಂದ ತಡವಾಗಿ ಬಂದು ನೆಲೆಸಿದರು, ಹಾಗಾಗಿ ಅಲ್ಲಿ ಎಲ್ಲದರ ಬೆರಕೆ.

ಬಟ್ಟೆ, ನೂಲು, ಬಣ್ಣ ಎಲ್ಲಿಂದ ಬರುತ್ತಿತ್ತು?

ಮನೆಯಿಂದಲೇ. ಅಗಸೆ ಅಥವಾ ಹೆಂಪ್ ಬೆಳೆದು, ಕೊಯ್ದು, ನೀರಲ್ಲಿ ನೆನೆಹಾಕಿ, ಬಡಿದು ನಾರು ಬಿಡಿಸುತ್ತಿದ್ದರು. ಚಳಿಗಾಲವಿಡೀ ನೂಲುವುದು, ಆಮೇಲೆ ನೇಯುವುದು. ನೇಯ್ದ ಬಟ್ಟೆಯನ್ನು ಹೊಳೆದಂಡೆಯ ಹುಲ್ಲಿನ ಮೇಲೆ ಹಾಸಿ, ನೀರು ಚಿಮುಕಿಸಿ, ಬಿಸಿಲಿಗೆ ಬಿಳುಪಾಗಿಸುತ್ತಿದ್ದರು. ಒಂದು ಅಂಗಿಯ ಹಿಂದೆ ಹೆಚ್ಚುಕಡಿಮೆ ಒಂದು ವರ್ಷದ ಬೇಸಾಯ ಮತ್ತು ದುಡಿಮೆ ಇರುತ್ತಿತ್ತು. ಇದೆಲ್ಲ ಬಹುತೇಕ ಹೆಂಗಸರ ಕೆಲಸ. ಹುಡುಗಿಯರು ಚಿಕ್ಕಂದಿನಲ್ಲೇ ಕಲಿತು ಮದುವೆಯ ಪೆಟ್ಟಿಗೆ ತುಂಬಲು ಶುರು ಮಾಡುತ್ತಿದ್ದರು. ಕುರಿಚರ್ಮದ ಕೋಟು, ಬೂಟು ಮಾತ್ರ ಊರಿನ ಕಸುಬುದಾರರಿಂದ ಬರುತ್ತಿತ್ತು.

ಬಣ್ಣಕ್ಕೆ ಮರದ ತೊಗಟೆ, ಈರುಳ್ಳಿ ಸಿಪ್ಪೆ, ಬೇರುಗಳು. 19ನೇ ಶತಮಾನದ ಕೊನೆಗೆ ಕಾರ್ಖಾನೆಯ ಬಣ್ಣ ಮತ್ತು ಹತ್ತಿಯ ನೂಲು ಬಂದವು, ಬಣ್ಣಗಳು ಒಮ್ಮೆಲೇ ಗಾಢವಾದವು.

ಹೊಲಿಗೆಯ ವಿಧಾನಗಳು ಹೇಗಿವೆ?

ಹಳೆಯ ವಿಧಾನಗಳಲ್ಲಿ ಹೆಚ್ಚಿನವು ಬಟ್ಟೆಯ ಎಳೆ ಎಣಿಸಿ ಹೊಲಿಯುವಂಥವು. ಧಾರವಾಡದ ಕಸೂತಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ಲೂ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಮುಂದೆ ಹೋಗುವುದು ಅಲ್ವಾ. ನಿಜಿಂಕಾ ಎಂಬ ಹೊಲಿಗೆಯನ್ನು ಬಟ್ಟೆಯ ಹಿಂಬದಿಯಿಂದ ಹಾಕುತ್ತಾರೆ, ನಕ್ಷೆ ಮುಂದುಗಡೆ ಮೂಡುತ್ತದೆ. ಮೆರೆಝ್ಕಾದಲ್ಲಿ ಕೆಲವು ಎಳೆ ಎಳೆದು ತೆಗೆದು, ಉಳಿದವನ್ನು ಕಟ್ಟಿ ಜಾಲರಿ ಮಾಡುತ್ತಾರೆ.

ಕೆಂಪು-ಕಪ್ಪು ಗುಲಾಬಿಯ ಕ್ರಾಸ್ ಸ್ಟಿಚ್ ತಾನೇ ಅಸಲಿ ಉಕ್ರೇನಿ ಕಸೂತಿ?

ಜಗತ್ತಿನ ಎಲ್ಲ ಕಡೆ ಅದೇ ಪ್ರಸಿದ್ಧ, ನಿಜ. ಆದರೆ ಅದು ಹಳೆಯದಲ್ಲ. 19ನೇ ಶತಮಾನದ ಕೊನೆಯಲ್ಲಿ ಅಚ್ಚಾದ ನಕ್ಷೆ ಹಾಳೆಗಳು ಹಳ್ಳಿಗಳಿಗೆ ಬಂದವು. ಮಾಸ್ಕೋದಲ್ಲಿ ಬ್ರೊಕಾರ್ ಎಂಬ ಫ್ರೆಂಚ್ ಮೂಲದವರ ಸಾಬೂನು ಮತ್ತು ಸುಗಂಧದ ಕಾರ್ಖಾನೆ ಇತ್ತು. ಅವರು ಸಾಬೂನಿನ ಜೊತೆ ಗುಲಾಬಿ, ಹಕ್ಕಿ, ದ್ರಾಕ್ಷಿಯ ಕ್ರಾಸ್ ಸ್ಟಿಚ್ ನಕ್ಷೆಗಳನ್ನು ಹಂಚಿದರು. ಕಡಿಮೆ ಬೆಲೆಯ ಕೆಂಪು, ಕಪ್ಪು ನೂಲು ಅಂಗಡಿಯಲ್ಲಿ ಸಿಗುತ್ತಿತ್ತು. ಕ್ರಾಸ್ ಸ್ಟಿಚ್ ಕಲಿಯುವುದು ಸುಲಭ, ಬೇಗ ಮುಗಿಯುತ್ತದೆ. ಕೆಲವೇ ದಶಕಗಳಲ್ಲಿ ಎಷ್ಟೋ ಊರಿನ ಹಳೆಯ ಹೊಲಿಗೆಗಳನ್ನು ಇದು ಬದಿಗೆ ಸರಿಸಿತು.

ಹಾಗಂತ ಗುಲಾಬಿ ಅಂಗಿಯನ್ನು ನಕಲಿ ಅನ್ನಬೇಡಿ. ಮೂರು ನಾಲ್ಕು ತಲೆಮಾರಿನ ಅಜ್ಜಿಯರು ಪ್ರೀತಿಯಿಂದ ಹೊಲಿದದ್ದು ಅದು. ಅದಕ್ಕೂ ಈಗ ತನ್ನದೇ ಇತಿಹಾಸ ಇದೆ. ಅದೊಂದೇ ಉಕ್ರೇನಿ ಅನ್ನುವುದು ಮಾತ್ರ ತಪ್ಪು.

ಪ್ರತಿ ಚಿಹ್ನೆಗೂ ಗುಟ್ಟಾದ ಅರ್ಥ ಇದೆಯಂತೆ, ಹೌದಾ?

"ಈ ಚೌಕ ಅಂದರೆ ಫಲವತ್ತತೆ, ಈ ನಕ್ಷತ್ರ ಅಂದರೆ ಗಂಡು ಶಕ್ತಿ" ಅಂತ ಪಟ್ಟಿ ಮಾಡಿ ಹಂಚುತ್ತಾರೆ. ಆ ಪಟ್ಟಿಗಳಲ್ಲಿ ಹೆಚ್ಚಿನವು ಇತ್ತೀಚೆಗೆ ಕಟ್ಟಿದವು. ಹಳ್ಳಿಗಳಿಗೆ ಹೋಗಿ ಹೆಂಗಸರನ್ನೇ ಕೇಳಿ ಬರೆದುಕೊಂಡ ಸಂಗ್ರಾಹಕರ ಬರಹಗಳಲ್ಲಿ ಸಿಗುವುದು ಬೇರೆ ಥರದ ಹೆಸರುಗಳು: ಟಗರಿನ ಕೊಂಬು, ಓಕ್ ಎಲೆ, ಹಾಪ್ಸ್ ಬಳ್ಳಿ, ಮುರಿದ ಕೊಂಬೆ. ಸುತ್ತಲೂ ಕಂಡದ್ದಕ್ಕೆ ಇಟ್ಟ ಹೆಸರುಗಳು. ಪಕ್ಕದ ಊರಿನಲ್ಲಿ ಅದೇ ನಕ್ಷೆಗೆ ಬೇರೆ ಹೆಸರು ಇರಬಹುದು.

ನಂಬಿಕೆಗಳೇ ಇರಲಿಲ್ಲ ಅಂತಲ್ಲ. ಕತ್ತಿನ ಪಟ್ಟಿ, ಮುಂಗೈ, ಕೆಳ ಅಂಚು, ಹೀಗೆ ಬಟ್ಟೆ ಮುಗಿದು ಮೈ ಶುರುವಾಗುವ ಕಡೆಗಳಲ್ಲೇ ಕಸೂತಿ ಇರುವುದಕ್ಕೆ ಕೆಟ್ಟ ದೃಷ್ಟಿ ತಾಗಬಾರದು ಅನ್ನುವ ಭಾವನೆಯೂ ಸೇರಿತ್ತು. ಮದುವೆಯಲ್ಲಿ ರುಶ್ನಿಕ್ ಎಂಬ ಕಸೂತಿ ಹಾಕಿದ ಉದ್ದ ಬಟ್ಟೆಯ ಮೇಲೆ ವಧೂವರರು ನಿಲ್ಲುವುದು ಇವತ್ತಿಗೂ ಇದೆ. ಇಂಥ ಆಚರಣೆ ಗಟ್ಟಿ ನೆಲ. ಅದನ್ನು ಬಿಟ್ಟು ನಿಘಂಟಿನ ಹಾಗೆ ಒಂದೊಂದು ಹೊಲಿಗೆಗೂ ಅರ್ಥ ಹಚ್ಚಿದರೆ, ಆ ಹೆಂಗಸರಿಗೆ ಚೆಂದ ಕಾಣುವ ಆಸೆಯೂ ಇತ್ತು ಅನ್ನುವುದನ್ನೇ ಮರೆಯುತ್ತೇವೆ.

ಹೂವಿನ ಕಿರೀಟವನ್ನು ಎಲ್ಲರೂ ಹಾಕುತ್ತಿದ್ದರಾ?

ಇಲ್ಲ. ವಿನೋಕ್ ಎಂಬ ಆ ಕಿರೀಟ ಮದುವೆಯಾಗದ ಹುಡುಗಿಯರದ್ದು. ಮದುವೆಯ ಕಿರೀಟಕ್ಕೆ ಪಶ್ಚಿಮದ ಕಡೆ ಬಾರ್ವಿನೊಕ್ ಎಂಬ ಹಸಿರು ಬಳ್ಳಿಯ ಎಲೆಗಳನ್ನು ಹೆಣೆದು, ಕೆಲವೊಮ್ಮೆ ಅದಕ್ಕೆ ಚಿನ್ನದ ಬಣ್ಣ ಹಚ್ಚುತ್ತಿದ್ದರು. ಮದುವೆಯ ಕೊನೆಯ ಹಂತದಲ್ಲಿ ವಧುವಿನ ಜಡೆ ಬಿಚ್ಚಿ, ಕಿರೀಟ ತೆಗೆದು, ಓಚಿಪೊಕ್ ಎಂಬ ಟೋಪಿ ಹಾಕಿ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಮದುವೆಯ ಶಾಸ್ತ್ರಗಳಲ್ಲೆಲ್ಲ ಅತ್ತು ಹಾಡುವ ಘಳಿಗೆ ಅದು. ಆಮೇಲೆ ಆಕೆ ಹೊರಗಿನವರ ಮುಂದೆ ಬರಿದಲೆಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಟೋಪಿಯ ಮೇಲೆ ಸುತ್ತುವ ತೆಳುವಾದ ಉದ್ದ ಬಟ್ಟೆ ನಮಿತ್ಕಾ. ಕ್ರಮೇಣ ಅಂಗಡಿಯ ಹೂವಿನ ತಲೆವಸ್ತ್ರ ಅದರ ಜಾಗಕ್ಕೆ ಬಂತು.

ಕೊರಳಿನ ಕೆಂಪು ಸರ ಯಾವುದು?

ಹವಳ. ಮೆಡಿಟರೇನಿಯನ್ ಸಮುದ್ರದಿಂದ ವ್ಯಾಪಾರಿಗಳ ಕೈ ದಾಟಿ ಬರುತ್ತಿತ್ತು, ಹಾಗಾಗಿ ದುಬಾರಿ. ಒಳ್ಳೆಯ ಹವಳದ ಸರಕ್ಕೆ ಒಂದು ಜೋಡಿ ಎತ್ತು ಕೊಡಬೇಕಿತ್ತು ಅನ್ನುವ ಮಾತು ಅಲ್ಲಿದೆ. ನಡುವೆ ದುಕಾಚ್, ಅಂದರೆ ನಾಣ್ಯ ಅಥವಾ ನಾಣ್ಯದಂಥ ಪದಕ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಮುಖದ ನಾಣ್ಯಗಳು ಎಷ್ಟೋ ಹಳ್ಳಿ ಹೆಂಗಸರ ಎದೆಯ ಮೇಲೆ ಇದ್ದವು. ಹುತ್ಸುಲರಲ್ಲಿ ಹಿತ್ತಾಳೆಯ ಶಿಲುಬೆಗಳನ್ನು ಪೋಣಿಸಿದ ಜ್ಗಾರ್ದಾ, ಮಣಿ ಹೆಣೆದ ಗೆರ್ದಾನ್ ಇವೆ.

ಹಳ್ಳಿಯವರ ಬಟ್ಟೆ ಇಡೀ ದೇಶದ ಗುರುತಾದದ್ದು ಹೇಗೆ?

19ನೇ ಶತಮಾನದಲ್ಲಿ ಉಕ್ರೇನಿನ ಹೆಚ್ಚಿನ ಭಾಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಪಶ್ಚಿಮ ಭಾಗ ಆಸ್ಟ್ರಿಯಾದ ಕೈಯಲ್ಲಿ. ಓದಿದವರು ರಷ್ಯನ್ ಅಥವಾ ಪೋಲಿಷ್ ರೀತಿಯಲ್ಲಿ ಬದುಕುತ್ತಿದ್ದರು. 1860ರ ಸುಮಾರಿಗೆ ಕೀವ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ರೈತರ ಬಟ್ಟೆ ತೊಟ್ಟು ಹಳ್ಳಿಗಳನ್ನು ಸುತ್ತಿದರು. ಅವರನ್ನು ಖ್ಲೊಪೊಮಾನರು ಅಂತ ಕರೆದರು, ಇತಿಹಾಸಕಾರ ವೊಲೊದಿಮಿರ್ ಅಂತೊನೊವಿಚ್ ಅವರಲ್ಲೊಬ್ಬ. ಜೀತದ ರೈತನಾಗಿ ಹುಟ್ಟಿದ ಕವಿ ತಾರಾಸ್ ಶೆವ್ಚೆಂಕೊ ಅದಾಗಲೇ ಕುರಿಚರ್ಮದ ಕೋಟು ಮತ್ತು ಟೋಪಿಯಲ್ಲಿ ಫೋಟೋ ತೆಗೆಸಿಕೊಂಡಿದ್ದ. ಅವನ ಅತಿ ಪ್ರಸಿದ್ಧ ರೂಪ ಇವತ್ತಿಗೂ ಅದೇ.

1876ರಲ್ಲಿ ಎರಡು ಸಂಗತಿ ನಡೆದವು. ರಷ್ಯಾದ ದೊರೆ ಎಮ್ಸ್ ಎಂಬ ಊರಿನಲ್ಲಿ ಸಹಿ ಹಾಕಿದ ಆಜ್ಞೆ ಉಕ್ರೇನಿ ಭಾಷೆಯ ಮುದ್ರಣದ ಮೇಲೆ ಬಿಗಿಯಾದ ನಿಷೇಧ ಹೇರಿತು. ಅದೇ ವರ್ಷ ಕೀವ್‌ನಲ್ಲಿ ಒಲೆನಾ ಪ್ಚಿಲ್ಕಾ ಎಂಬ ಲೇಖಕಿ ಉಕ್ರೇನಿ ಜನಪದ ಅಲಂಕಾರಗಳ ಆಲ್ಬಮ್ ಪ್ರಕಟಿಸಿದರು. ವೊಲಿನ್ ಹಳ್ಳಿಗಳಲ್ಲಿ ಸಂಗ್ರಹಿಸಿದ ಕಸೂತಿ, ನೇಯ್ಗೆ ಅದರಲ್ಲಿತ್ತು. ಇವರ ಮಗಳೇ ದೊಡ್ಡ ಕವಯಿತ್ರಿ ಲೆಸ್ಯಾ ಉಕ್ರೈಂಕಾ. ಭಾಷೆಗೆ ಬಾಗಿಲು ಮುಚ್ಚಿದಾಗ ನಕ್ಷೆಗಳು ಮಾತಾಡಿದವು.

ಆಸ್ಟ್ರಿಯಾದ ಕಡೆ ಲೇಖಕ ಇವಾನ್ ಫ್ರಾಂಕೊ ಕಸೂತಿ ಅಂಗಿಯ ಮೇಲೆ ಯುರೋಪಿಯನ್ ಕೋಟು ತೊಡುತ್ತಿದ್ದ. ಉಕ್ರೇನಿನ 20 ಹ್ರಿವ್ನಿಯಾ ನೋಟಿನ ಮೇಲೆ ಅವನ ಮುಖ ಇದೆ.

ಸೋವಿಯತ್ ಕಾಲದಲ್ಲಿ ಈ ಉಡುಪಿಗೆ ಏನಾಯಿತು?

1932-33ರ ಹೊಲೊದೊಮೊರ್, ಅಂದರೆ ಸ್ಟಾಲಿನ್ ಕಾಲದ ಕೃತಕ ಬರಗಾಲ, ಲಕ್ಷಾಂತರ ಜನರನ್ನು ಕೊಂದಿತು. ಜನ ಹಿಟ್ಟಿಗಾಗಿ ಕೈಗೆ ಸಿಕ್ಕಿದ್ದೆಲ್ಲ ಕೊಟ್ಟರು. ಅಜ್ಜಿಯ ಅಂಗಿ, ಪ್ಲಾಖ್ತಾ ಹೋದವು. ಕೊರಳಿನ ಬೆಳ್ಳಿ, ಚಿನ್ನದ ನಾಣ್ಯಗಳು ತೊರ್ಗ್ಸಿನ್ ಎಂಬ ಸರ್ಕಾರಿ ಅಂಗಡಿಗಳಿಗೆ ಹೋದವು, ಬದಲಿಗೆ ಒಂದಿಷ್ಟು ಹಿಟ್ಟು. ಮಧ್ಯ ಮತ್ತು ಪೂರ್ವ ಉಕ್ರೇನಿನ ಕುಟುಂಬಗಳಲ್ಲಿ ಹಳೆಯ ಉಡುಪು ಅಪರೂಪವಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಸರ್ಕಾರ ಉಡುಪನ್ನು ನಿಷೇಧಿಸಲಿಲ್ಲ, ವೇದಿಕೆಗೆ ಏರಿಸಿತು. ಪಾವ್ಲೊ ವಿರ್ಸ್ಕಿ ಮತ್ತು ಮಿಕೊಲಾ ಬೊಲೊತೊವ್ 1937ರಲ್ಲಿ ಜನಪದ ನೃತ್ಯ ತಂಡ ಕಟ್ಟಿದರು. ಅವರ ನೃತ್ಯ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ತಂಡಗಳಿಂದಾಗಿ ಒಂದೇ ಬಗೆಯ ವೇಷ ಎಲ್ಲೆಡೆ ಹಬ್ಬಿತು: ಹೊಳೆಯುವ ಸ್ಯಾಟಿನ್ ಶರೊವಾರಿ, ಕೃತಕ ಹೂವಿನ ಕಿರೀಟ, ಗಿಡ್ಡ ಲಂಗ. ಸಾವಿರಾರು ಶಾಲೆ ಮತ್ತು ಕಾರ್ಖಾನೆಗಳ ತಂಡಗಳು ಅದನ್ನೇ ನಕಲು ಮಾಡಿದವು. ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಕೂಡ ಕಸೂತಿ ಅಂಗಿ ಹಾಕಿಕೊಂಡು ಓಡಾಡಿದ.

ಅಂಗಿಯನ್ನು ಅಭಿಮಾನದಿಂದ ಹಾಕಿಕೊಂಡವರ ಕತೆ ಬೇರೆ. 1960ರ ದಶಕದಲ್ಲಿ ಕೀವ್‌ನ ಯುವ ಬರಹಗಾರರು, ಕಲಾವಿದರು ಮೇ 22ರಂದು ಶೆವ್ಚೆಂಕೊ ಪ್ರತಿಮೆಯ ಬಳಿ ಕಸೂತಿ ಅಂಗಿ ತೊಟ್ಟು ಸೇರುತ್ತಿದ್ದರು. ಪೊಲೀಸರು, ಗುಪ್ತಚರರು ಅವರ ಮೇಲೆ ಕಣ್ಣಿಟ್ಟಿದ್ದರು. ಇದೇ ಕಾಲದಲ್ಲಿ ಶಿಲ್ಪಿ ಇವಾನ್ ಹೊಂಚಾರ್ ಹಳ್ಳಿ ಹಳ್ಳಿ ಸುತ್ತಿ ಅಂಗಿ, ರುಶ್ನಿಕ್, ಹಳೆಯ ಫೋಟೋಗಳನ್ನು ಸಂಗ್ರಹಿಸಿ, ಕೀವ್‌ನ ತಮ್ಮ ಮನೆಯನ್ನೇ ಮ್ಯೂಸಿಯಂ ಮಾಡಿದರು. ಅಲ್ಲಿಗೆ ಹೋಗುವುದೇ ಆಗ ಧೈರ್ಯದ ಕೆಲಸ. ಹೊಂಚಾರ್ ಮಾಡಿದ ಉಪಕಾರಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ವಿಶಿವಾಂಕಾ ದಿನ ಯಾವಾಗ?

ಮೇ ತಿಂಗಳ ಮೂರನೇ ಗುರುವಾರ. 2006ರಲ್ಲಿ ಚೆರ್ನಿವ್ತ್ಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಲೆಸ್ಯಾ ವೊರೊನ್ಯುಕ್ ಇದನ್ನು ಶುರು ಮಾಡಿದರು. ರಜೆಯ ದಿನ ಬೇಡ, ಕೆಲಸದ ದಿನವೇ ಇರಲಿ, ಕಚೇರಿಗೂ ಕಾಲೇಜಿಗೂ ಹಾಕಿಕೊಂಡು ಹೋಗಲಿ ಅನ್ನುವುದು ಉದ್ದೇಶ. ಕೆಲವೇ ವಿದ್ಯಾರ್ಥಿಗಳಿಂದ ಶುರುವಾದದ್ದು ಈಗ ಉಕ್ರೇನಿಯನ್ನರು ಇರುವ ಕಡೆಯೆಲ್ಲ ನಡೆಯುತ್ತದೆ. 1891ರಿಂದ ವಲಸೆ ಶುರುವಾದ ಕೆನಡಾದಲ್ಲಂತೂ ಮುತ್ತಜ್ಜಿ ಹಡಗಿನಲ್ಲಿ ತಂದ ಅಂಗಿಗಳು ಹೊರಗೆ ಬರುತ್ತವೆ.

ರುಮೇನಿಯಾದ ಅಂಗಿಯೂ ಹೀಗೇ ಇರುತ್ತದಲ್ಲ?

ಹೌದು, ಬುಕೊವಿನಾ ಸೀಮೆ ಈಗ ಎರಡೂ ದೇಶಗಳಲ್ಲಿ ಹಂಚಿಹೋಗಿದೆ. ಗಡಿಯ ಆಚೆ ಈಚೆ ಉಡುಪು ಹತ್ತಿರ ಇರುವುದು ಸಹಜ. ರುಮೇನಿಯಾ ಮತ್ತು ಮಾಲ್ಡೋವಾದ, ಭುಜದ ಮೇಲೆ ಕಸೂತಿ ಇರುವ ಅಂಗಿ 2022ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಯಾರದ್ದು ಮೊದಲು ಎಂಬ ಜಗಳಕ್ಕಿಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ಖುಷಿ ಕೊಡುತ್ತದೆ.

ಕ್ರಿಮಿಯಾದ ತಾತಾರರ ಉಡುಪೂ ಇದರಲ್ಲಿ ಸೇರುತ್ತದಾ?

ಉಕ್ರೇನಿನ ಪರಂಪರೆಯಲ್ಲಿ ಸೇರುತ್ತದೆ, ಆದರೆ ಅದು ಅವರದ್ದೇ ಬೇರೆ ಲೋಕ. ಟುಲಿಪ್, ದಾಳಿಂಬೆ, ಬಾದಾಮಿಯಂಥ ಅವರ ಅಲಂಕಾರಕ್ಕೆ ಒರ್ನೆಕ್ ಎಂದು ಹೆಸರು, 2021ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. 1944ರ ಮೇ ತಿಂಗಳಲ್ಲಿ ಸೋವಿಯತ್ ಸರ್ಕಾರ ಇಡೀ ಜನಾಂಗವನ್ನು, ಹೆಚ್ಚಾಗಿ ಮಧ್ಯ ಏಷ್ಯಾಕ್ಕೆ, ಗಡೀಪಾರು ಮಾಡಿತು. ಅಷ್ಟಾಗಿಯೂ ಈ ಕಲೆ ಉಳಿದಿದೆ.

ನಾವು ತೊಡಬಹುದಾ?

ಖಂಡಿತ. ಖಾರ್ಕಿವ್, ವಿನ್ನಿತ್ಸಿಯಾ, ಚೆರ್ನಿವ್ತ್ಸಿಯಂಥ ಊರುಗಳಲ್ಲಿ ವೈದ್ಯಕೀಯ ಓದಲು ಹೋದವರಲ್ಲಿ ಕರ್ನಾಟಕದವರೂ ಇದ್ದರು, ಅವರಿಗೆ ಈ ಅಂಗಿ ಗುರುತಿನದ್ದೇ. ಗೌರವದಿಂದ ತೊಟ್ಟರೆ ಅಲ್ಲಿಯವರಿಗೆ ಸಂತೋಷವೇ ಆಗುತ್ತದೆ.

ಕೊಳ್ಳುವಾಗ ಅಂಗಿಯನ್ನು ತಿರುವಿ ಹಿಂಬದಿ ನೋಡಿ. ಯಂತ್ರದ ಕಸೂತಿಯಾದರೆ ಹೊಲಿಗೆ ಒಂದೇ ಸಮ ಇರುತ್ತದೆ, ಹಿಂದೆ ಬೇರೆ ನೂಲಿನ ಬಿಳಿ ಜಾಲವೋ ಅಂಟಿಸಿದ ಪೇಪರಿನ ಚೂರೋ ಕಾಣುತ್ತದೆ. ಯಂತ್ರದ್ದು ಕೊಂಡರೂ ತಪ್ಪಿಲ್ಲ, ಆದರೆ ಕೈಕಸೂತಿಯ ಬೆಲೆ ಕೊಡಬೇಡಿ. ನಕ್ಷೆ ಯಾವ ಪ್ರದೇಶದ್ದು ಅಂತ ಕೇಳಿ. ಒಳ್ಳೆಯ ಕಸುಬುದಾರರು ಊರಿನ ಹೆಸರು ಸಮೇತ ಹೇಳುತ್ತಾರೆ.

ಹಳೆಯ ಅಂಗಿ ಕೈಗೆ ಸಿಕ್ಕಿದರೆ ಹೇಗೆ ಕಾಪಾಡುವುದು?

ವಾಷಿಂಗ್ ಮಷಿನ್‌ಗೆ ಹಾಕಲೇಬೇಡಿ. ಕೆಂಪು ನೂಲು ಬಣ್ಣ ಬಿಡಬಹುದು, ಒದ್ದೆ ಬಿಳಿ ಬಟ್ಟೆಯನ್ನು ಒತ್ತಿ ಮೊದಲು ಪರೀಕ್ಷಿಸಿ. ನೇತುಹಾಕಿದರೆ ಕಸೂತಿಯ ಭಾರಕ್ಕೆ ಹಳೆಯ ಲಿನನ್ ಹರಿಯುತ್ತದೆ. ಬಿಳಿ ಹತ್ತಿ ಬಟ್ಟೆಯ ನಡುವೆ ಮಲಗಿಸಿ, ಬಿಸಿಲು ತಾಗದ ಒಣ ಜಾಗದಲ್ಲಿ ಇಡಿ. ಆಗಾಗ ತೆಗೆದು ಮಡಿಕೆಯ ಜಾಗ ಬದಲಿಸಿ. ಯಾರು ಹೊಲಿದದ್ದು, ಯಾವ ಊರು ಎಂದು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿ.